ಅನಾನಸ್ ಅಳಿಸಿದ ಹೆಬ್ಬೆರಳು

ಕೊರೊನಾ ಗಲಾಟೆ ಅಡಗಿ ಪೀಣ್ಯದ ಕಾರ್ಖಾನೆಗಳು ಮತ್ತೆ ಪೂರ್ತಿ ಪಾಳಿಯಲ್ಲಿ ಓಡತೊಡಗಿದ್ದ ವರ್ಷ ಅದು. ಅಲ್ಲಿನ ಹಣ್ಣು ಸಂಸ್ಕರಣಾ ಘಟಕವೊಂದಕ್ಕೆ ನಾನು ವಾರಕ್ಕೆರಡು ದಿನ ಹೋಗಿಬರುವ ವೈದ್ಯನಾಗಿದ್ದೆ. ಸುತ್ತಲೂ ಲೇತ್ ಮಷೀನಿನ ಸದ್ದು, ಎಣ್ಣೆ ವಾಸನೆ. ನಮ್ಮ ಗೇಟಿನಲ್ಲಿ ಮಾತ್ರ ಅನಾನಸ್ ಘಮ. ಹಣ್ಣು ಹೆಚ್ಚಿ, ಡಬ್ಬಿಗೆ ತುಂಬಿ ಐಟಿ ಕಂಪನಿಗಳ ಕ್ಯಾಂಟೀನುಗಳಿಗೆ ಕಳಿಸುತ್ತಿದ್ದರು.

ಸೇರಿದ ಹೊಸತರಲ್ಲೇ ಮಾಲೀಕರು ನನ್ನಿಂದ ಒಂದು ಪೋಸ್ಟರ್ ಬರೆಸಿದರು. ಅನಾನಸ್‌ನಲ್ಲಿ ವಿಟಮಿನ್ ಸಿ, ಮ್ಯಾಂಗನೀಸ್, ನಾರಿನಂಶ ಚೆನ್ನಾಗಿವೆ. ಬ್ರೊಮೆಲೈನ್ ಎಂಬ ಎನ್‌ಜೈಮ್ ಪ್ರೋಟೀನನ್ನು ಒಡೆಯುತ್ತದೆ. ಹೆಚ್ಚು ತಿಂದಾಗ ನಾಲಗೆ ಚುರುಗುಟ್ಟುವುದು ಬಹುಮಟ್ಟಿಗೆ ಇದರಿಂದಲೇ. ಬೇಯಿಸಿ ಗೊಜ್ಜು ಮಾಡಿದರೆ ಅದರ ಆರ್ಭಟ ಇಳಿಯುತ್ತದೆ. ಹುಳಿತೇಗಿನವರು ಮಿತವಾಗಿ ತಿನ್ನಲಿ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳಲಿ ಎಂದೂ ಬರೆದಿದ್ದೆ. ಎಚ್ಚರಿಕೆಗಳನ್ನು ಮಾತ್ರ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚು ಹಾಕಿಸಿ, ಪೋಸ್ಟರನ್ನು ಗೇಟಿನ ಬಯೋಮೆಟ್ರಿಕ್ ಯಂತ್ರದ ಮೇಲ್ಗಡೆ ಅಂಟಿಸಿದರು. ಹೆಬ್ಬೆರಳು ಒತ್ತಿದರೆ ಹಾಜರಿ ದಾಖಲಿಸುವ ಯಂತ್ರ ಅದು.

ಒಂದು ಬೆಳಿಗ್ಗೆ ಶಾಂತವ್ವ ನನ್ನ ಕೋಣೆಗೆ ಬಂದಳು. ಯಾದಗಿರಿ ಕಡೆಯವಳು, ಹಣ್ಣು ಹೆಚ್ಚುವ ವಿಭಾಗದ ಗುತ್ತಿಗೆ ಕೆಲಸಗಾರ್ತಿ. ಬಾಗಲಗುಂಟೆಯ ಬಾಡಿಗೆ ಕೋಣೆಯಲ್ಲಿ ಅವಳೂ ಹಾಸಿಗೆ ಹಿಡಿದ ಅವಳ ತಾಯಿಯೂ ಇದ್ದರು, ದುಡಿಯುವವಳು ಇವಳೊಬ್ಬಳೇ.

"ಡಾಕ್ಟ್ರ, ಗೇಟಿನ್ಯಾಗಿನ ಮಷೀನಿಗೆ ನನ್ನ ಗುರ್ತ ಸಿಗವಲ್ದ್ರೀ. ಒತ್ತಿ ಒತ್ತಿ ಸಾಕಾತು."

ಕೈ ಹಿಡಿದು ನೋಡಿದೆ. ಬೆರಳ ತುದಿಗಳು ಕೆಂಪಗೆ, ಹುರಿಗಡಲೆಯಷ್ಟು ನುಣ್ಣಗಿದ್ದವು. ರೇಖೆಗಳೇ ಇರಲಿಲ್ಲ. ದಿನವಿಡೀ ರಸದಲ್ಲಿ ನೆನೆದ ಚರ್ಮವೂ ಪ್ರೋಟೀನೇ ತಾನೆ? ಕೊಟ್ಟ ಗ್ಲೌಸು ಸಿಪ್ಪೆಯ ಮುಳ್ಳಿಗೆ ಮಧ್ಯಾಹ್ನದೊಳಗೆ ಹರಿಯುತ್ತಿತ್ತು.

ಚಿಕಿತ್ಸೆ ಬಹಳ ಸುಲಭದ್ದು. ಕೆಲವು ವಾರ ಕೈಗೆ ರಸ ಸೋಕದಿದ್ದರೆ ರೇಖೆಗಳು ತಾವಾಗಿ ಮೂಡುತ್ತವೆ. ಅಲ್ಲಿಯವರೆಗೆ ಅವಳನ್ನು ಪ್ಯಾಕಿಂಗ್‌ಗೆ ಹಾಕಿ, ದಪ್ಪ ಗ್ಲೌಸ್ ತರಿಸಿ ಎಂದು ಸೂಪರ್‌ವೈಸರನ್ನು ಕೇಳಿಕೊಂಡೆ.

"ಎಲ್ಲಾರ್ನೂ ಪ್ಯಾಕಿಂಗ್‌ಗೆ ಹಾಕ್ಬಿಟ್ರೆ ಹಣ್ಣು ಯಾರ್ ಸಾರ್ ಹೆಚ್ಚೋದು? ದಪ್ಪ ಗ್ಲೌಸ್ ಹಾಕಿದ್ರೆ ಚಾಕು ಜಾರತ್ತೆ."

ಎಚ್‌.ಆರ್. ಅಧಿಕಾರಿಯ ಬಳಿ ಹೋದೆ. ಅವಳು ಎದುರಿಗೇ ನಿಂತು ದುಡಿಯುತ್ತಿದ್ದಾಳೆ, ಹಾಜರಿಗೆ ಸಹಿ ಹಾಕಿಸಿಕೊಳ್ಳಿ ಎಂದೆ. ಆತ ಕೆಟ್ಟವನೇನಲ್ಲ, ಕುರ್ಚಿ ಕೊಟ್ಟು ಕಾಫಿ ತರಿಸಿದ.

"ನಂಗೂ ಪಾಪ ಅನ್ಸತ್ತೆ ಸಾರ್. ಆದ್ರೆ ಸಿಸ್ಟಮ್‌ನಲ್ಲಿ ಆಬ್ಸೆಂಟ್ ಅಂದ್ರೆ ಆಬ್ಸೆಂಟೇ. ನಾನೇನ್ ಮಾಡ್ಲಿ?"

ಗುತ್ತಿಗೆದಾರ ಫೋನೇ ಎತ್ತಲಿಲ್ಲ. ಅವಳಿಗೆ ಮುಲಾಮು ಕೊಟ್ಟೆ, ವಿಶ್ರಾಂತಿ ಬೇಕೆಂದು ಚೀಟಿ ಬರೆದೆ. ಚೀಟಿ ಬರೆಯುವಾಗಲೇ ಅದು ಯಾವ ಉಪಯೋಗಕ್ಕೂ ಬಾರದೆಂದು ನನಗೆ ಗೊತ್ತಿತ್ತು. ಸತತ ಗೈರುಹಾಜರಿ ಎಂದು ತೋರಿಸಿ ಅದೇ ತಿಂಗಳು ಅವಳನ್ನು ತೆಗೆದುಹಾಕಿದರು.

ಕೆಲವು ವಾರಗಳ ಬಳಿಕ ನಾನು ಒಳಗೆ ಹೋಗುವ ಹೊತ್ತಿಗೆ ಶಾಂತವ್ವ ಗೇಟಿನಲ್ಲಿ ನಿಂತಿದ್ದಳು. ಓಡಿಬಂದು ಎರಡೂ ಕೈ ಚಾಚಿದಳು. ರೇಖೆಗಳು ಸ್ಪಷ್ಟವಾಗಿ ಮೂಡಿದ್ದವು. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಅವಳು ಹೋಗಿ ಹೆಬ್ಬೆರಳು ಒತ್ತಿದಳು. ಕೆಂಪು ದೀಪ.

"ಅಕ್ಕಾ, ನಿಮ್ ಹೆಸ್ರು ಡಿಲೀಟ್ ಆಗ್ಬಿಟ್ಟಿದೆ. ಬೆರಳು ಸರಿಗಿದ್ರೂ ಮಷೀನ್ ತಗೊಳಲ್ಲ," ಎಂದ ಸೆಕ್ಯುರಿಟಿಯವನು.

ಅವಳು ನನ್ನತ್ತ ತಿರುಗಿದಳು. "ನೀವ್ ಹೇಳಿದಂಗ ಕೈಗೆ ರೆಸ್ಟ್ ಕೊಟ್ಟೀನಲ್ರೀ ಡಾಕ್ಟ್ರ?"

ಅವಳ ಜಾಗಕ್ಕೆ ಬಂದಿದ್ದ ಹೊಸ ಹೆಂಗಸು ಹಿಂದಿನಿಂದ ಬಂದು ಹೆಬ್ಬೆರಳು ಒತ್ತಿದಳು. ಯಂತ್ರ 'ಥ್ಯಾಂಕ್ ಯೂ' ಎಂದಿತು.

ರೋಗವನ್ನು ಗುರುತಿಸುವುದನ್ನು ನನಗೆ ಕಾಲೇಜು ಕಲಿಸಿತ್ತು. ರೋಗ ಗೊತ್ತಿದ್ದು, ಮದ್ದೂ ಗೊತ್ತಿದ್ದು, ಕೈಕಟ್ಟಿ ನಿಲ್ಲಬೇಕಾಗುತ್ತದೆ ಎಂಬುದನ್ನು ಕಲಿಸಿದ್ದು ಆ ಗೇಟು. ಅನಾನಸ್ ಒಳ್ಳೆಯ ಹಣ್ಣು, ಈಗಲೂ ತಿನ್ನುತ್ತೇನೆ. ಹೆಚ್ಚಿಟ್ಟ ಡಬ್ಬಿ ಮಾತ್ರ ಕೊಳ್ಳುವುದಿಲ್ಲ. ಇಡೀ ಹಣ್ಣು ತಂದು ನಾನೇ ಹೆಚ್ಚುತ್ತೇನೆ.