‘ಇರುವ ಸ್ಥಳ ತಿಳಿದಿಲ್ಲ’ ಎಂದು ಬರೆದ ಶ್ರೀವಲ್ಲಭ

ಕಾರ್ಮಿಕ ಕಾನೂನಿನ ತರಬೇತಿಗೆ ಬರುವ ಎಚ್‌ಆರ್ ಮಂದಿಯ ಬಗ್ಗೆ ನನಗೆ ಅಂಥ ದೊಡ್ಡ ಅಭಿಪ್ರಾಯವೇನಿಲ್ಲ. ಕಾರ್ಮಿಕ ಇಲಾಖೆಯಿಂದ ನಿವೃತ್ತನಾದಾಗಿನಿಂದ ಇವರಿಗೆ ಪಾಠ ಹೇಳುತ್ತಿದ್ದೇನೆ. ಬೆಳಿಗ್ಗೆ ಬಂದು ಸಹಿ ಹಾಕುತ್ತಾರೆ, ಮಧ್ಯಾಹ್ನ ಗಡದ್ದಾಗಿ ಉಂಡು ತೂಕಡಿಸುತ್ತಾರೆ, ಸಂಜೆ ಪ್ರಮಾಣಪತ್ರ ಹಿಡಿದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಕಳೆದ ವರ್ಷ ಜೂನ್‌ನಲ್ಲಿ ಸಿಂದಗಿಯ ಲಾಡ್ಜೊಂದರ ಮಹಡಿಯ ಹಾಲ್‌ನಲ್ಲಿ ನಡೆದ ತರಬೇತಿಯೂ ಹಾಗೆಯೇ ಮುಗಿಯಬೇಕಿತ್ತು. ಶ್ರೀವಲ್ಲಭ ಮುಗಿಯಗೊಡಲಿಲ್ಲ.

ಇಂಡಿ ತಾಲ್ಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅವನು ಎಚ್‌ಆರ್ ಮ್ಯಾನೇಜರ್. ನಲವತ್ತಾರರ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಅಂಗಾರ ಅಕ್ಷತೆ. ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಗುಮಾಸ್ತನಾಗಿ ಸೇರಿ, ಇಪ್ಪತ್ತು ವರ್ಷದಲ್ಲಿ ಈ ಕುರ್ಚಿಗೆ ಬಂದವನು. ಮೇಲಿನವರಿಗೆ ಎದುರಾಡದೆ ಬಂದವನು ಎಂದು ಬೇರೆ ಹೇಳಬೇಕಾಗಿಲ್ಲ.

ಊಟಕ್ಕೆ ಮೊದಲಿನ ಪಾಠ, ಹೇಳದೆ ಕೇಳದೆ ಕೆಲಸ ಬಿಟ್ಟುಹೋದವರ ಬಗ್ಗೆ. ಹತ್ತು ದಿನ ಬರಲಿಲ್ಲವೆಂದು ಸೀದಾ ಹೆಸರು ಹೊಡೆದುಹಾಕುವಂತಿಲ್ಲ. ನೋಟಿಸ್ ಕೊಡಬೇಕು, ವಿಚಾರಣೆ ನಡೆಸಬೇಕು, ಅವನ ಮಾತೂ ಕೇಳಬೇಕು ಎಂದೆ. ಶ್ರೀವಲ್ಲಭ ಎದ್ದು ನಿಂತ.

“ಸರ್, ಮನಿಗೆ ಬೀಗ ಅದ ಅಂತ ನೋಟಿಸ್ ವಾಪಸ್ ಬಂದ್ರ?”

“ಬ್ಯಾರೆ ವಿಳಾಸಕ್ಕ ಕಳಸ್ರಿ. ಪೇಪರ್‌ನ್ಯಾಗ ಹಾಕಸ್ರಿ.”

“ಅವ ಎಲ್ಲಿ ಹೋಗ್ಯಾನ ಅಂತ ನಮಗ ಗೊತ್ತಿದ್ರ?”

“ಗೊತ್ತಿದ್ದೂ ಗೊತ್ತಿಲ್ಲ ಅಂತ ಬರದ್ರ ಅದಕ್ಕ ಸುಳ್ಳು ಅಂತಾರ್ರಿ. ಅದನ್ನ ಹೇಳಾಕ ಕಾನೂನು ಯಾಕ ಬೇಕು?”

ಹಾಲ್‌ನಲ್ಲಿ ಎಲ್ಲರೂ ನಕ್ಕರು. ಅವನು ಕುಸಿದು ಕೂತ. ಊಟಕ್ಕೂ ಬರಲಿಲ್ಲ. ಹುಡುಕಿದರೆ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ.

“ಸರ್, ಆ ಸುಳ್ಳು ನಾನೇ ಬರದೀನಿ,” ಎಂದ.

ಸೋಮನಿಂಗ ಆ ಕಾರ್ಖಾನೆಯ ಕಾಯಂ ಫಿಟ್ಟರ್. ಪ್ರತಿ ಆಷಾಢ ಏಕಾದಶಿಗೆ ಭಜನೆಯ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋಗುವವನು. ಆ ಹೊತ್ತಿಗೆ ಕಬ್ಬು ನುರಿಸುವುದು ಮುಗಿದು ಬರೀ ರಿಪೇರಿ ಕೆಲಸ ನಡೆದಿರುತ್ತದೆ. ವಾರಿಗೆ, ಅಂದರೆ ಈ ಪಾದಯಾತ್ರೆಗೆ, ಹೊರಟವರು ಅಲ್ಲಿ ರಜೆಯ ಅರ್ಜಿ ಬರೆಯುವ ರೂಢಿಯೇ ಇಲ್ಲ. ಗೇಟ್ ಪಾಸನ್ನು ಟೈಮ್ ಆಫೀಸಿಗೆ ಒಪ್ಪಿಸುತ್ತಾರೆ, ಆಫೀಸಿನವರು ಕಾಲು ಮುಟ್ಟಿ ನಮಸ್ಕರಿಸುತ್ತಾರೆ, ಅದೇ ರಜೆ. ಹಾಜರಿಯಲ್ಲಿ ಅದನ್ನು ರಜೆಯೆಂದು ಬರೆಯುತ್ತಿದ್ದವನೂ ಎಷ್ಟೋ ವರ್ಷ ಈ ಶ್ರೀವಲ್ಲಭನೇ.

ಈ ತರಬೇತಿಗೆ ಮೂರು ವರ್ಷ ಮೊದಲು ಹೊಸ ಜನರಲ್ ಮ್ಯಾನೇಜರ್ ಬಂದ. ಹೆಬ್ಬೆಟ್ಟಿನ ಹಾಜರಿ ಯಂತ್ರ ಕೂರಿಸಿದ. ಕಾಯಂ ಜನ ಕಡಿಮೆಯಾಗಬೇಕು ಎಂದ. ಯಂತ್ರ ಸೋಮನಿಂಗನಿಗೆ ಹದಿನಾರು ದಿನ ಗೈರುಹಾಜರಿ ತೋರಿಸಿತು. ನೋಟಿಸ್ ಹೋಯಿತು. ಹೆಂಡತಿ ರೇವವ್ವನೂ ದಿಂಡಿಗೆ ಹೋಗಿದ್ದರಿಂದ ಮನೆಗೆ ಬೀಗ, ನೋಟಿಸ್ ಮರಳಿ ಬಂತು. ‘ಸದರಿ ಕಾರ್ಮಿಕರು ಇರುವ ಸ್ಥಳ ತಿಳಿದಿಲ್ಲ, ತಾವಾಗಿಯೇ ಕೆಲಸ ಬಿಟ್ಟಿದ್ದಾರೆ’ ಎಂದು ಶ್ರೀವಲ್ಲಭ ಆದೇಶ ಬರೆದ. ಆಗ ಸೋಮನಿಂಗನ ಗೇಟ್ ಪಾಸ್ ಅವನದೇ ಡ್ರಾವರ್‌ನಲ್ಲಿತ್ತು. ವಾರಿ ಮುಗಿಸಿ ಬಂದ ಸೋಮನಿಂಗನನ್ನು ಗೇಟಿನಲ್ಲೇ ತಡೆದರು.

ನನಗೆ ರೇಗಿತು. “ಕಾಲು ಮುಟ್ಟಿದ ಕೈಲೇ ಬರದ್ರೇನ್ರಿ?”

“ಅಂಜಿದ್ನಿರಿ. ಮುಂದಿನ ಪಟ್ಟಿಯೊಳಗ ನನ್ನ ಹೆಸರು ಬರ್ತದ ಅಂತ ಅಂಜಿ ಬರದೆ. ಈಗೇನರ ಮಾಡ್ಲಿಕ್ಕೆ ಬರ್ತದೇನ್ರಿ?”

ತೆಗೆದುಹಾಕಿದ ಮೂರು ವರ್ಷದೊಳಗೆ ಸೋಮನಿಂಗ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕಿತ್ತು, ಅದಕ್ಕೂ ಮೊದಲು ಕಾರ್ಮಿಕ ಅಧಿಕಾರಿಗೆ ದೂರು ಕೊಡಬೇಕಿತ್ತು. ಉಳಿದದ್ದು ಎರಡೇ ತಿಂಗಳು. ಮರುದಿನ ಬೆಳಿಗ್ಗೆ ಶ್ರೀವಲ್ಲಭನ ಜೊತೆ ನಾನೂ ಇಂಡಿಯ ಬಸ್ಸು ಹತ್ತಿದೆ. ಸಿಟ್ಟೇನೂ ಇಳಿದಿರಲಿಲ್ಲ, ಒಬ್ಬನನ್ನೇ ಬಿಟ್ಟರೆ ಅರ್ಧ ದಾರಿಗೆ ಇಳಿದುಬಿಡುತ್ತಾನೆಂಬ ಗುಮಾನಿಯಿತ್ತು.

ಸೋಮನಿಂಗ ಮನೆಯ ಕಟ್ಟೆಯ ಮೇಲೆ ಕೂತಿದ್ದ. ದಿಂಡಿ ಹೊರಡುವ ದಿನಗಳವು, ಆದರೆ ಅವನು ವಾರಿ ಬಿಟ್ಟು ಮೂರು ವರ್ಷವಾಗಿತ್ತು. ಕಾಯಂ ನೌಕರಿಯಿಂದ ಸುಮ್ಮನೆ ಯಾರು ತೆಗೆಯುತ್ತಾರೆ, ಕಾರ್ಖಾನೆಯ ಹಿತ್ತಾಳೆ ಕದ್ದಿರಬೇಕು ಎಂದು ಊರು ತೀರ್ಮಾನಿಸಿತ್ತು. ಬೇರೆಲ್ಲೂ ಅವನಿಗೆ ಫಿಟ್ಟರ್ ಕೆಲಸ ಸಿಕ್ಕಿರಲಿಲ್ಲ.

ರೇವವ್ವ ನೀರು ತಂದುಕೊಟ್ಟು ಅಲ್ಲೇ ನಿಂತಳು. “ಇವರನ್ನ ಕಳ್ಳನ್ನ ಮಾಡಿ ಕೂಡಿಸೀರಿ. ಮಂದಿ ಮುಖ ನೋಡಿ ಮಾತಾಡಂಗಿಲ್ಲ,” ಎಂದಳು.

ಸೋಮನಿಂಗ ಅವಳನ್ನು ಸುಮ್ಮನಿರಿಸಿದ. “ಸಾಹೇಬ್ರ, ನಾ ಏನ್ ತಪ್ಪ ಮಾಡೇನಿ ಅಂತರ ಹೇಳ್ರಿ. ಮೂರ್ ವರ್ಷಾತು, ಅದನ್ನ ವಿಚಾರ ಮಾಡಾಕತ್ತೇನಿ. ತಿಳಿವಲ್ದು.”

ಶ್ರೀವಲ್ಲಭ ಅತ್ತುಬಿಟ್ಟ. ಇಷ್ಟು ವಯಸ್ಸಿನ ಗಂಡಸು ಇನ್ನೊಬ್ಬರ ಅಂಗಳದಲ್ಲಿ ನಿಂತು ಅಳುವುದನ್ನು ನೋಡುವುದು ಕಷ್ಟ; ನಾನು ಮುಖ ತಿರುಗಿಸಿದೆ.

“ನೀವೇನೂ ತಪ್ಪು ಮಾಡಿಲ್ರಿ ಸೋಮನಿಂಗಣ್ಣ. ಮಾಡಿದಾಂವ ನಾನು. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ.”

ಅಲ್ಲೇ ಕೂತು ದೂರು ಬರೆದುಕೊಟ್ಟೆ. ಸೋಮನಿಂಗ ಸಹಿ ಮಾಡಿದ.

ಕಾರ್ಮಿಕ ಅಧಿಕಾರಿಯ ಮುಂದೆ ರಾಜಿ ಸಭೆಯ ದಿನ ಬಂತು. ಕಂಪನಿಯ ಪರವಾಗಿ ಬಂದವನು ಯಾರು? ಎಚ್‌ಆರ್ ಮ್ಯಾನೇಜರೇ ಬರಬೇಕಲ್ಲ. ವಕೀಲರು ಟೈಪ್ ಮಾಡಿಕೊಟ್ಟ ಹೇಳಿಕೆ ಅವನ ಕೈಯಲ್ಲಿತ್ತು. ಸೋಮನಿಂಗನ ಪಕ್ಕದಲ್ಲಿ ಕೂತ ನಾನು ಆ ಕಾಗದವನ್ನೇ ನೋಡುತ್ತಿದ್ದೆ. ಹೆದರಿಯೇ ಮೇಲೆ ಬಂದ ಮನುಷ್ಯ ಅದನ್ನೇ ಓದಿಬಿಟ್ಟರೆ ಏನು ಗತಿ?

“ಇವರು ವಾರಿಗೆ ಹೋದದ್ದು ಕಂಪನಿಗೆ ಗೊತ್ತಿತ್ತೇನ್ರಿ?” ಎಂದು ಅಧಿಕಾರಿ ಕೇಳಿದರು.

ಶ್ರೀವಲ್ಲಭ ಕಾಗದವನ್ನು ಮಡಚಿ ಜೇಬಿಗೆ ಹಾಕಿದ. “ಗೊತ್ತಿತ್ರಿ. ಗೇಟ್ ಪಾಸ್ ನನ್ನ ಕೈಗೇ ಕೊಟ್ಟು ಹೋಗಿದ್ರು. ನಾ ಬರದಿದ್ದು ಸುಳ್ಳು. ಹೀಂಗಂತ ಬರಕೋರಿ.”

ಅಧಿಕಾರಿ ಬರೆದುಕೊಂಡರು. ಆದರೂ ಕಂಪನಿ ರಾಜಿಗೆ ಒಪ್ಪಲಿಲ್ಲ. ಗಡುವಿನೊಳಗೆ ನ್ಯಾಯಾಲಯಕ್ಕೆ ಹೋದ ಪ್ರಕರಣ ಇನ್ನೂ ನಡೆದೇ ಇದೆ. ತಾರೀಖಿನ ಮೇಲೆ ತಾರೀಖು. ಆ ಹೇಳಿಕೆಯ ಪ್ರತಿಯನ್ನು ರೇವವ್ವ ಊರಿನ ಕಟ್ಟೆಯ ಮೇಲೆ ಎಲ್ಲರೆದುರು ಓದಿಸಿದಳಂತೆ. ಸೋಮನಿಂಗನಿಗೆ ಸದ್ಯಕ್ಕೆ ದಕ್ಕಿದ್ದು ಅಷ್ಟೇ.

ರಾಜಿ ಸಭೆಯಾದ ಮೂರನೆಯ ದಿನ ಶ್ರೀವಲ್ಲಭ ನನ್ನ ಮನೆಗೆ ಬಂದ. ಕೈಯಲ್ಲಿ ನಾಲ್ಕು ಸಾಲಿನ ಆದೇಶ: ‘ತಮ್ಮ ಸೇವೆ ಇಂದಿನಿಂದ ಅಗತ್ಯವಿಲ್ಲ.’

“ಸರ್, ನೋಟಿಸ್ ಇಲ್ಲ, ವಿಚಾರಣಿ ಇಲ್ಲ, ನನ್ನ ಮಾತು ಕೇಳಿಲ್ಲ. ನಾನೂ ಕಾರ್ಮಿಕ ಅಧಿಕಾರಿ ಹತ್ರ ದೂರು ಕೊಡ್ತೀನ್ರಿ. ಬರದುಕೊಡ್ರಿ,” ಎಂದು ಎದುರಿಗೆ ಕೂತ.

ನಾನು ಪೆನ್ನು ತೆಗೆಯಲಿಲ್ಲ. ಆ ಕಾನೂನು ಕಾರ್ಮಿಕರದ್ದು, ಮ್ಯಾನೇಜರ್ ಕಾರ್ಮಿಕನಲ್ಲ. ಪ್ರತಿ ತರಬೇತಿಯಲ್ಲೂ ನಾನು ಹೇಳುವ ಮೊದಲ ಪಾಠವೇ ಅದು. ಎಚ್‌ಆರ್ ಮಂದಿ ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಅದು ತಮ್ಮ ಬಗ್ಗೆಯೇ ಹೇಳಿದ್ದು ಎಂದು ಒಬ್ಬರಿಗೂ ಹೊಳೆದಿಲ್ಲ. ನಿಜ ಹೇಳಬೇಕೆಂದರೆ, ನನಗೂ ಹೊಳೆದಿರಲಿಲ್ಲ.

“ನೀವು ಮ್ಯಾನೇಜರ್ ಇದ್ರಿ ಶ್ರೀವಲ್ಲಭ. ನಿಮ್ಮ ದೂರು ಅವರು ತಗೊಳ್ಳಂಗಿಲ್ಲ. ಸಿವಿಲ್ ಕೋರ್ಟಿಗೆ ಹೋಗಬೇಕು. ಅಲ್ಲಿ ಎಷ್ಟು ವರ್ಷ ಹಿಡಿತೈತೋ ನಾ ಹೇಳಲಾರೆ.”

ಅವನು ಆ ಆದೇಶವನ್ನು ಮಡಚಿ ಜೇಬಿಗೆ ಹಾಕಿದ.

“ಹಂಗಾದ್ರ ನನ್ನ ಮಾತು ಯಾರ್ ಕೇಳ್ತಾರ್ರಿ ಸರ್?”