ಮರಳುಗಾಡಿನ ಕ್ಯಾಪ್ಟನ್ ಟೇಬಲ್

ತೊಂಬತ್ತರ ದಶಕದಲ್ಲಿ ಸೌದಿಯ ದಮ್ಮಾಮಿನಲ್ಲಿ ನಮ್ಮ ಕಂಪನಿ ಕ್ಯಾಂಪಿನ ಮೆಸ್ ನೋಡಿಕೊಳ್ಳುತ್ತಿದ್ದ ಸಾಂತು ಮಾಮ ಮಂಗಳೂರಿನವರು. ಪ್ರಾಯದಲ್ಲಿ ವಿಲಾಯಿತಿಗೆ ಹೋಗುವ ದೊಡ್ಡ ಪ್ರಯಾಣಿಕರ ಹಡಗುಗಳಲ್ಲಿ ಬಟ್ಲರ್ ಆಗಿದ್ದವರು. ಜನ ವಿಮಾನ ಹತ್ತಲು ಶುರುಮಾಡಿದ ಮೇಲೆ ಹಡಗುಗಳು ಗುಜರಿಗೆ ಹೋದವು, ಮಾಮ ಇಲ್ಲಿಗೆ ಬಂದರು. ತಗಡಿನ ಶೆಡ್ಡಿನಲ್ಲೂ ಊಟಕ್ಕೆ ಗಂಟೆ ಬಾರಿಸುತ್ತಿದ್ದರು, ಲುಂಗಿ ಉಟ್ಟು ಬಂದವರನ್ನು ವಾಪಸು ಕಳಿಸುತ್ತಿದ್ದರು. ಅದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಕ್ಯಾಪ್ಟನ್ ಟೇಬಲ್.

ಹಡಗಿನಲ್ಲಿ ಕ್ಯಾಪ್ಟನ್ ಜೊತೆ ಊಟಕ್ಕೆ ಕೂರಲು ದೊರೆಸಾನಿಗಳು ವಜ್ರದ ಹಾರ ಹಾಕಿಕೊಂಡು ಕಾಯುತ್ತಿದ್ದರಂತೆ. ಇಲ್ಲಿ ಕ್ಯಾಪ್ಟನ್ ಎಂದರೆ ನಮ್ಮ ಮ್ಯಾನೇಜರ್. ಪ್ರತಿ ಗುರುವಾರದ ಊಟಕ್ಕೆ ಮಾಮ ಒಬ್ಬನನ್ನು ಆರಿಸಿ ಅವರೆದುರು ಕೂರಿಸುತ್ತಿದ್ದರು. ಎದುರಿಗೆ ಕಂಡವನಿಗೆ ಶುಕ್ರವಾರದ ರಜೆಯಲ್ಲಿ ಕೆಲಸ ಹೇಳುವುದು ಮ್ಯಾನೇಜರರ ಅಭ್ಯಾಸ. ಹಾಗಾಗಿ ಗುರುವಾರ ಗಂಟೆ ಹೊಡೆದರೆ ಅರ್ಧ ಕ್ಯಾಂಪಿಗೆ ಹೊಟ್ಟೆನೋವು.

ಒಮ್ಮೆ ನನ್ನನ್ನು ಕರೆದರು. "ಬೇಡ ಮಾಮ, ನಾಳೆ ಊರಿಗೆ ಫೋನ್ ಮಾಡ್ಲಿಕ್ಕುಂಟು. ಹೆಂಡತಿ ಪಕ್ಕದ ಮನೆಯಲ್ಲಿ ಕಾಯ್ತಾ ಇರ್ತಾಳೆ" ಎಂದೆ.

"ಎಂತ ಮಾರಾಯ, ಮರ್ಯಾದೆ ಕೊಟ್ರೆ ಬೇಡ ಅಂತೀಯಾ?" ಎನ್ನುತ್ತ ಮಾಮ ಕುರ್ಚಿ ಎಳೆದರು.

ಸೂಪ್ ಮುಗಿಯುವ ಮೊದಲೇ ಮ್ಯಾನೇಜರ್ ಕೇಳಿದರು, "ನಾಳೆ ನಿನಗೇನೂ ಕೆಲಸ ಇಲ್ಲ ಅಲ್ವಾ? ದೂರದ ಉನೈಜಾ ಊರಲ್ಲಿ ಒಂದು ಪಂಪು ಕೆಟ್ಟಿದೆ."

ಊರಿಗೆ ಫೋನ್ ಮಾಡಲಾಗದೆ ಶುಕ್ರವಾರವಿಡೀ ಅಲ್ಲೇ ಕಳೆದು, ಮರುದಿನ ಮೈಯೆಲ್ಲ ಧೂಳಾಗಿ ಮರಳಿದೆ. ಮಾಮ ಮೆಸ್ಸಿನ ಬಾಗಿಲಲ್ಲಿ ನಿಂತಿದ್ದರು. "ಹಡಗಿನಲ್ಲಿ ಆ ಟೇಬಲಿಗೆ ಕೂತವರು ಸಾಯುವವರೆಗೂ ಅದನ್ನೇ ಹೇಳ್ಕೊಂಡು ತಿರುಗ್ತಿದ್ರು, ಗೊತ್ತುಂಟಾ?" ಎಂದರು.

ಅವರ ಮಾತಿನಲ್ಲಿ ಸುಳ್ಳಿಲ್ಲ. ನಾನೂ ಇವತ್ತಿಗೂ ಹೇಳುತ್ತಿದ್ದೇನೆ. ನನಗಿಂತ ಹೆಚ್ಚಾಗಿ ನನ್ನ ಹೆಂಡತಿ ಹೇಳುತ್ತಾಳೆ.