ತೀರ್ಥ ಕುಡಿದ ಕಂಪ್ಯೂಟರ್

ಕುಂದಾಪುರದ ನಮ್ಮ ಕಾಲೇಜಿನ ಹಾರ್ಡ್‌ವೇರ್ ಮೇಷ್ಟ್ರು ಕುಳಿತದ್ದನ್ನು ಯಾರೂ ಕಂಡಿರಲಿಲ್ಲ. ಬೆರಳುಗಳ ನಡುವೆ ಸ್ಕ್ರೂಡ್ರೈವರ್ ತಿರುಗಿಸುತ್ತಾ ಲ್ಯಾಬಿನೊಳಗೆ ಸುತ್ತುತ್ತಲೇ ಇರುತ್ತಿದ್ದರು. ಯಾರು ಏನೇ ಕೇಳಿದರೂ ಒಂದೇ ಉತ್ತರ: "ಬಿಚ್ಚ್, ಕಾಂಬ." ಬಿಚ್ಚು, ನೋಡೋಣ ಅಂತ.

ನಾನು ಬಿಚ್ಚುತ್ತಿರಲಿಲ್ಲ. ನಮ್ಮ ಮನೆಯ ಮೊದಲ ಪದವೀಧರೆ ನಾನು, ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಆಗ, ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಓದಿಸುತ್ತಿದ್ದಾಗ, ಮುಟ್ಟಿದ್ದು ಹಾಳಾದರೆ ಎಂಬ ಭಯ.

ಆಯುಧಪೂಜೆಯ ದಿನ ಎಲ್ಲರೂ ಕಂಪ್ಯೂಟರ್ ಪರದೆಗೆ ಗಂಧ ಹಚ್ಚಿದರು. ನಾನು ಭಕ್ತಿ ಹೆಚ್ಚಾಗಿ, ಮುಚ್ಚಳ ತೆಗೆದಿಟ್ಟಿದ್ದ ಕಂಪ್ಯೂಟರಿನ ಒಳಕ್ಕೇ ತೀರ್ಥ ಚಿಮುಕಿಸಿದೆ. ರಜೆ ಮುಗಿಸಿ ಬಂದರೆ ಅದು ಏಳಲೇ ಇಲ್ಲ.

"ಹ್ವಾಯ್, ನಿನ್ ತೀರ್ಥ ಕುಡ್ದ್ ಮನಿಕಂಡಿತ್ ಕಾಣ್!" ಮಲಗಿಬಿಟ್ಟ ಕಂಪ್ಯೂಟರನ್ನು ತೋರಿಸಿ ಗೆಳತಿಯರು ನಕ್ಕರು. ಕಾಲೇಜು ಬಿಡುವುದೆಂದೇ ನಿಶ್ಚಯಿಸಿ, ಅಳುತ್ತಾ ಮೇಷ್ಟ್ರ ಮುಂದೆ ತಪ್ಪೊಪ್ಪಿಕೊಂಡೆ.

ಅವರು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟರು. "ಬಿಚ್ಚ್, ಕಾಂಬ."

"ನಂಗ್ ಬತ್ತಿಲ್ಲೆ, ಸರ್."

"ನಂಗೆಂತ ಹುಟ್ಟುವತಿಗೇ ಬತ್ತಿತ್ತಾ, ಮಾರಾಯ್ತಿ?"

ತೀರ್ಥ ಬಿದ್ದ ಕಡೆಯಿದ್ದ ಮೆಮೊರಿಯ ರ‍್ಯಾಮ್ ಪಟ್ಟಿಯನ್ನು ಕಿತ್ತೆ. ಅದರ ಹೊಳೆಯುವ ಅಂಚಿನಲ್ಲಿ ತೀರ್ಥದ ಕಲೆಯಿತ್ತು. ಪೆನ್ಸಿಲ್ ರಬ್ಬರಿನಿಂದ ತಿಕ್ಕಿ, ಮತ್ತೆ ಕೂರಿಸಿ, ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಗಾಬರಿಯಿಂದ ತಿರುಗಿದರೆ, ಮೇಷ್ಟ್ರು ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲಿ ಕುಳಿತಿದ್ದರು!

"ಇನ್ನೊಂದ್ ಸಲ ಬಿಚ್ಚ್."

ಮೂರನೆಯ ಸಲಕ್ಕೆ ಪರದೆ ಬೆಳಗಿತು. ಅವರಿಗೆ ತೋರಿಸಲು ತಿರುಗುವಷ್ಟರಲ್ಲಿ ಸ್ಟೂಲು ಖಾಲಿ. ಕೊನೆಯ ಮೇಜಿನ ಕಡೆಯಿಂದ "ಬಿಚ್ಚ್, ಕಾಂಬ" ಕೇಳಿಸುತ್ತಿತ್ತು. ಸ್ಕ್ರೂಡ್ರೈವರ್ ಮಾತ್ರ ನನ್ನ ಕೈಯಲ್ಲೇ ಉಳಿದಿತ್ತು.